ಕುಬಸದ ಬುತ್ತಿ, ಎರೆಮಣ್ಣಿನ ದಾರಿ

"ಈ ಸಲ ಬಸ್ಸಿಲ್ಲ, ಟೆಂಪೋ ಇಲ್ಲ, ಯಾರ ಹಂಗೂ ಇಲ್ಲ! ನನ್ನ ಮಗಳನ್ನ ನನ್ನ ಗಾಡ್ಯಾಗ, ನಾನ ಹೊಡಕೊಂಡು ತವರಿಗೆ ಕರಕೊಂಡು ಬರ್ತೇನಿ!"

ಇಷ್ಟು ದೊಡ್ಡ ಪ್ರತಿಜ್ಞೆಯನ್ನು ನಾನು ಮಾಡಿದ್ದು ಎಲ್ಲಿ ಅಂತೀರಿ? ಇಲಕಲ್ಲಿನ ನಮ್ಮ ಮನೆಯ ಕುಣಿಮಗ್ಗದಲ್ಲಿ, ಸೊಂಟದ ತನಕ ಕುಣಿಯೊಳಗೆ ಇಳಿದು ಕೂತು! ಕೇಳಲು ಇದ್ದವಳು ಹೆಂಡತಿ ನಾಗರತ್ನಾ ಒಬ್ಬಳೇ. ಆದರೂ ನನ್ನ ದನಿ ಸಾವಿರ ಜನ ಸೇರಿದ ಸಭೆಗೆ ಸಾಕಾಗುವಷ್ಟಿತ್ತು.

"ಮೊದಲ ಕುಣಿ ಬಿಟ್ಟು ಮ್ಯಾಲ ಬರ್ರಿ. ಬಾದಾಮಿ ಮಾತು ಆಮ್ಯಾಲ," ಎಂದಳು ಆಕೆ, ಕಂಡಿಕೆಗೆ ನೂಲು ಸುತ್ತುವ ಕೈಯನ್ನು ನಿಲ್ಲಿಸದೆ.

ನಮ್ಮ ಒಬ್ಬಳೇ ಮಗಳು ಶೈಲಶ್ರೀಯನ್ನು ಕೊಟ್ಟದ್ದು ಬಾದಾಮಿ ಹತ್ತಿರದ ಒಂದು ಹಳ್ಳಿಗೆ. ಈಗ ಅವಳಿಗೆ ಏಳನೇ ತಿಂಗಳು. ಗುರುವಾರ ಮಧ್ಯಾಹ್ನ ಬೀಗರ ಮನೆಯಲ್ಲಿ ಕುಬಸ. ನಾವು ಹಸಿರು ಸೀರೆ, ಗುಳೇದಗುಡ್ಡದ ಖಣ, ಬುಟ್ಟಿಗಟ್ಟಲೆ ಬುತ್ತಿ ತೆಗೆದುಕೊಂಡು ಹೋಗುವುದು, ಮಗಳಿಗೆ ಸೀರೆ ಉಡಿಸಿ ಉಡಿ ತುಂಬುವುದು, ಆಮೇಲೆ ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕರೆತರುವುದು. ಇದು ಪದ್ಧತಿ. ನಾಗರತ್ನಾ ಆಗಲೇ ಒಳಕೋಣೆಗೆ ಸುಣ್ಣ ಬಳಿಸಿ, ತನ್ನ ಹಳೆಯ ಮೆತ್ತನೆ ಸೀರೆಗಳನ್ನೆಲ್ಲ ಹರಿದು ಕೂಸಿನ ಬಟ್ಟೆ ಮಾಡಿ ಮಡಿಸಿಟ್ಟಿದ್ದಳು. ನಾನು ಹೊರಗೆ ಗತ್ತು ತೋರಿಸುತ್ತಿದ್ದೆನಾದರೂ ದಿನಕ್ಕೆರಡು ಸಲ ಆ ಕೋಣೆಗೆ ಇಣುಕಿ ಬರುತ್ತಿದ್ದೆ. ಮದುವೆಯಾದಾಗಿನಿಂದ ಮಗಳು ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋಗುವುದೇ ಆಗಿತ್ತು. ಈಗ ಪೂರಾ ಐದಾರು ತಿಂಗಳು ಇರುತ್ತಾಳೆ ಎಂದರೆ, ಖರೆ ಹೇಳುತ್ತೇನೆ, ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಆ ಸಂತೋಷಕ್ಕೆ ಕಲ್ಲು ಬಿದ್ದದ್ದು ಮಂಗಳವಾರ, ಫೋನಿನಲ್ಲಿ. ಆ ಕಡೆ ಮಗಳ ಅತ್ತೆ ದುರ್ಗವ್ವ. ಸಾಮಾನ್ಯ ಹೆಂಗಸಲ್ಲ! ಮದುವೆಯಲ್ಲಿ ನಾನು ನೇಯ್ದು ಕೊಟ್ಟ ಸೀರೆಯನ್ನು ಬಿಸಿಲಿಗೆ ಹಿಡಿದು, ಮೈಗೂ ಸೆರಗಿಗೂ ಹಾಕಿದ ಕೊಂಡಿಯನ್ನು ಎಳೆ ಎಳೆಯಾಗಿ ತಡವಿ ನೋಡಿ, "ಅಡ್ಡಿ ಇಲ್ಲ" ಎಂದವರು.

"ಬೀಗರ, ಇಲ್ಲಿ ಹಸ್ತಾ ಮಳಿ ಹಿಡದದ್ದು ಬಿಡವಲ್ದು. ನಮ್ಮೂರ ದಾರಿ ಎರಿ ಮಣ್ಣಿಂದು, ನಿಮಗ ಗೊತ್ತೈತಿ. ನೀವು ನೋಡಿದ್ರ ಮೊನ್ನಿ ಮೊನ್ನಿ ಗಾಡಿ ಕಲತೀರಿ. ಬಸುರಿ ಹೆಣಮಗಳನ್ನ ಅದರಾಗ ಹೆಂಗ ಕಳಸ್ಲಿ?"

"ಅಕ್ಕಾರ, ನಾ ಭಾಳ ಹುಷಾರಿಂದ ಹೊಡೀತೇನ್ರಿ."

"ಬಾಯಿಲೆ ಹೇಳಿದ್ರ ಆಗಾಂಗಿಲ್ಲ. ನೀವು ಬರೂದನ್ನ ನಾ ಕಣ್ಣಾರೆ ನೋಡ್ತೇನಿ. ಮನಸಿಗೆ ಬಂತೋ, ಕಳಸ್ತೇನಿ. ಬರಲಿಲ್ಲೋ, ಬಾದಾಮ್ಯಾಗ ದವಾಖಾನಿ ಐತಿ, ಬಾಣಂತನ ನಾನ ಮಾಡ್ತೇನಿ."

"ಬಾಡಿಗಿ ಗಾಡಿ ತಂದ್ರ ಹೆಂಗ್ರಿ?" ಎಂದು ನಾಗರತ್ನಾ ಪಕ್ಕದಿಂದ ಕೂಗಿದಳು.

"ಬ್ಯಾಡವಾ. ಅವರಿಗೆ ಒಂದು ಬಾಡಿಗಿ ಮುಗಿಸಿ ಇನ್ನೊಂದಕ್ಕ ಓಡೂ ಅವಸರ. ನನ್ನ ಸೊಸಿ ಅವಸರದ ಗಾಡಿ ಹತ್ತಾಂಗಿಲ್ಲ," ಎಂದವರೇ ಫೋನು ಇಟ್ಟರು.

ಅಂದರೆ ಗುರುವಾರ ನನಗೆ ಕುಬಸವಲ್ಲ, ಪರೀಕ್ಷೆ! ಪಾಸಾದರೆ ಮಗಳು ಮನೆಗೆ. ಫೇಲಾದರೆ ಸುಣ್ಣ ಬಳಿದ ಕೋಣೆ ಖಾಲಿ.

ಇಲ್ಲಿ ನನ್ನ ಕಾಲುಗಳ ಸಂಗತಿ ಸ್ವಲ್ಪ ಹೇಳಲೇಬೇಕು. ಕುಣಿಮಗ್ಗದಲ್ಲಿ ನೇಕಾರನ ಕಾಲ ಕೆಳಗೆ ಎರಡು ಹಲಗೆ ಇರುತ್ತವೆ. ಎಡದ್ದು ತುಳಿದರೆ ಬಲದ್ದು ಮೇಲೆ ಬರುತ್ತದೆ, ಬಲದ್ದು ತುಳಿದರೆ ಎಡದ್ದು. ಒಂದೊಂದು ತುಳಿತಕ್ಕೂ ಕೈ ಎದುರಿನ ಹಗ್ಗ ಜಗ್ಗಬೇಕು, ಲಾಳಿ ಈ ಕಡೆಯಿಂದ ಆ ಕಡೆಗೆ ಓಡಬೇಕು. ನಾನು ಎಡಚ, ಆದ್ದರಿಂದ ಜಗ್ಗುವುದು ಎಡಗೈ. ಎಡ, ಜಗ್ಗು! ಬಲ, ಜಗ್ಗು! ಹದಿನಾಲ್ಕನೇ ವಯಸ್ಸಿನಿಂದ ಐವತ್ತಮೂರರ ತನಕ ನಾನು ಮಾಡಿದ್ದು ಇದನ್ನೇ. ನಿದ್ದೆಯಲ್ಲೂ ನನ್ನ ಕಾಲುಗಳು ನೇಯುತ್ತವೆ. ನಮ್ಮ ಮನೆಯ ಹಾಸಿಗೆಗಳು ಕಾಲಿನ ಕಡೆಯೇ ಮೊದಲು ಹರಿಯುವುದೇಕೆ ಎಂದು ಯಾರಾದರೂ ಕೇಳಿದರೆ ನಾಗರತ್ನಾ ನನ್ನ ಕಡೆ ಬೆರಳು ತೋರಿಸುತ್ತಾಳೆ.

ಹಳೆಯ ಬಿಳಿ ಕಾರೊಂದನ್ನು ಕೊಂಡು ಡ್ರೈವಿಂಗ್ ಕಲಿಯಲು ಹೋದಾಗ ಕಲಿಸುವ ಚಂದಪ್ಪನಿಗೆ ಮೊದಲ ದಿನವೇ ಈ ಕಾಲುಗಳ ಪರಿಚಯವಾಯಿತು. ಎದುರಿಗೆ ಒಂದು ಎಮ್ಮೆ ಬಂದದ್ದೇ ತಡ, ಕ್ಲಚ್ಚು, ಬ್ರೇಕು, ಕ್ಲಚ್ಚು, ಬ್ರೇಕು! ಗಾಡಿ ಕುಪ್ಪಳಿಸಿ ಕುಪ್ಪಳಿಸಿ ನಿಂತಿತು. ಎಮ್ಮೆ ಹೆದರಲಿಲ್ಲ, ಚಂದಪ್ಪ ಹೆದರಿದ.

"ಕಾಕಾರ, ನಿಮ್ಮನ್ನ ಗಾಡಿ ಹೊಡ್ಯಾಕ ಕೂಡಸೀನೋ, ಸೀರಿ ನೇಯಾಕೋ?"

ಸಮಾಧಾನವಾಗಿ ಇರುವಾಗ ಕಾಲುಗಳು ನನ್ನ ಮಾತು ಕೇಳುತ್ತಿದ್ದವು. ಗಾಬರಿಯಾದರೆ ಮಾತ್ರ ಮಗ್ಗಕ್ಕೆ ಓಡಿಹೋಗುತ್ತಿದ್ದವು. ನವನಗರದಲ್ಲಿ ಲೈಸೆನ್ಸಿನ ಪರೀಕ್ಷೆ ಕೊಟ್ಟ ದಿನ ಒಳ್ಳೆಯ ಬಿಸಿಲು, ಬಯಲು ಜಾಗ, ಎದುರಿಗೆ ಎಮ್ಮೆಯೂ ಇಲ್ಲ. ಪಾಸಾದೆ!

ಬುಧವಾರ ಇಡೀ ದಿನ ಮಗ್ಗಕ್ಕೆ ರಜೆ ಕೊಟ್ಟು ಮಳೆಯಲ್ಲಿ ಗಾಡಿ ಓಡಿಸುವ ವಿದ್ಯೆಯನ್ನು ಮೊಬೈಲಿನ ವಿಡಿಯೋ ನೋಡಿ ಅಭ್ಯಾಸ ಮಾಡಿದೆ. ಟೈರಿನ ಗೆರೆ ಬೆರಳಿಟ್ಟು ನೋಡಿದೆ. ವೈಪರಿನ ರಬ್ಬರು ಬದಲಿಸಿದೆ. ಮುಂದಿನ ಗಾಡಿಯಿಂದ ದೂರ ಇರಬೇಕು, ಹಗಲಲ್ಲೂ ದೀಪ ಹಚ್ಚಬೇಕು, ಹಳ್ಳದ ಮೇಲೆ ನೀರು ಹರಿಯುತ್ತಿದ್ದರೆ ಇಳಿಯಬಾರದು, ಜಾರುವಲ್ಲಿ ಬ್ರೇಕನ್ನು ಒಮ್ಮೆಲೇ ಒತ್ತಬಾರದು, ಸ್ಟಿಯರಿಂಗ್ ಗಡಬಡಿಸಿ ತಿರುವಬಾರದು. ಎಲ್ಲವನ್ನೂ ಬಾಯಿಪಾಠ ಮಾಡಿ ನಾಗರತ್ನಾಳಿಗೆ ಒಪ್ಪಿಸಿದೆ.

"ಬಾಯಿಗೆ ಬಂತು ಚಲೋ ಆತು. ಕಾಲಿಗೆ ಯಾವಾಗ ಬರ್ತೈತಿ?" ಎಂದಳು.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಮುಂದೆ ನಾನು. ಹಿಂದೆ ನಾಗರತ್ನಾ ಮತ್ತು ಬುತ್ತಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅವಳ ಮಡಿಲಲ್ಲಿ ಮೊಸರಿನ ಗಡಿಗೆ, ಪಕ್ಕದಲ್ಲಿ ಆಗಷ್ಟೇ ಹಂಚಿನಿಂದ ಇಳಿಸಿದ ಬಿಸಿ ಬಿಸಿ ಶೇಂಗಾ ಹೋಳಿಗೆಯ ಬುಟ್ಟಿ. ಬೀಗರ ಮನೆಗೆ ಆರಿದ ಹೋಳಿಗೆ ಒಯ್ಯುವುದೇ? ನಾಗರತ್ನಾಳ ಮರ್ಯಾದೆಯ ಪ್ರಶ್ನೆ!

ಹುನಗುಂದದ ತನಕ ಬರೀ ತುಂತುರು. ನನ್ನ ಗಾಡಿ ಇಪ್ಪತ್ತೈದರ ವೇಗದಲ್ಲಿ ಗಂಭೀರವಾಗಿ ಸಾಗಿತ್ತು. ಲಾರಿಗಳು ದಾಟಿದವು, ಬಸ್ಸುಗಳು ದಾಟಿದವು, ಮೋಟರ್ ಸೈಕಲ್ಲುಗಳಂತೂ ಲೆಕ್ಕಕ್ಕಿಲ್ಲ. ಕಡೆಗೆ ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ತುಳಿಯುತ್ತಿದ್ದ ಮುದುಕರೊಬ್ಬರು ನಮ್ಮ ಸರಿಸಮ ಬಂದು ಕಿಟಕಿಯಲ್ಲಿ ಇಣುಕಿದರು.

"ಗಾಡಿ ಕೆಟ್ಟೈತೇನ್ರಿ? ದಬ್ಬಲೇನ್ರಿ?"

"ಕೆಟ್ಟಿಲ್ರಿ, ಹೊಂಟೈತ್ರಿ!" ಎಂದು ನಾನು ಸಿಟ್ಟಿನಿಂದ ಹೇಳಿದೆ.

"ದಬ್ಬಲಿ ಬಿಡ್ರಿ, ಜರಾ ಲಗೂ ಮುಟ್ಟತೇವಿ," ಎಂದಿತು ಹಿಂದಿನ ಸೀಟು.

ಅಮೀನಗಡದಲ್ಲಿ ಆಕೆ ಬೀಗತಿಗೆ ಕರದಂಟು ಕೊಳ್ಳೋಣ ಎಂದಳು. ನಾನು ನಿಲ್ಲಿಸಲಿಲ್ಲ. ನಿಂತ ಗಾಡಿಯನ್ನು ಮತ್ತೆ ಹೊರಡಿಸುವುದು ಎಂಥ ಕಷ್ಟ ಎಂದು ಅವಳಿಗೇನು ಗೊತ್ತು! ಐಹೊಳೆಯ ರಸ್ತೆ ಹಿಡಿದದ್ದೇ ತಡ, ಆಕಾಶ ಹರಿದು ಬಿದ್ದ ಹಾಗೆ ಮಳೆ ಸುರಿಯತೊಡಗಿತು. ಕಿಟಕಿಗಳನ್ನೆಲ್ಲ ಏರಿಸಿದೆವು. ಐದು ನಿಮಿಷ ಆಗಿರಬೇಕು, ಮುಂದಿನ ಗಾಜು ಬೆಳ್ಳಗಾಯಿತು.

"ಅಯ್ಯೋ, ಮಂಜು ಬಿತ್ತು ನೋಡು! ನಮ್ಮ ಕಡೆ ಇಂಥಾ ಮಂಜು ನಾ ಕಂಡೇ ಇಲ್ಲ!"

"ಮಂಜಿಗೆ ಬೆಲ್ಲದ ವಾಸನಿ ಬರ್ತೈತೇನ್ರಿ? ಇದು ನನ್ನ ಹೋಳಿಗಿ ಹಬಿ!"

ಹೌದು! ಬುಟ್ಟಿಗಟ್ಟಲೆ ಬಿಸಿ ಹೋಳಿಗೆ ಮುಚ್ಚಿದ ಗಾಡಿಯೊಳಗೆ ಹಬೆ ಬಿಡುತ್ತ ಕೂತಿತ್ತು. ಕಿಟಕಿ ಒಂದಿಷ್ಟು ಇಳಿಸಿ, ಗಾಳಿ ಆಡಲು ಬಿಟ್ಟು, ಗಾಡಿಯನ್ನು ಬದಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಮೊಬೈಲಿನಲ್ಲೂ ಅದನ್ನೇ ಹೇಳಿದ್ದರು. ಆದರೆ ನಿಲ್ಲಿಸಬಾರದೆಂಬ ಹಟದಲ್ಲಿದ್ದ ನಾನು ಕೈ ಹಿಂದಕ್ಕೆ ಚಾಚಿ ಸಿಕ್ಕ ಬಟ್ಟೆ ಎಳೆದುಕೊಂಡು ಗಾಜನ್ನು ಭರಭರನೆ ಒರೆಸಿಬಿಟ್ಟೆ.

ಅದು ಹೋಳಿಗೆ ಮುಚ್ಚಿದ್ದ ಬಟ್ಟೆ. ಪ್ರತಿಯೊಂದು ಹೋಳಿಗೆಗೂ ನಾಗರತ್ನಾ ಕೈ ಬಿಚ್ಚಿ ತುಪ್ಪ ಸವರಿದ್ದಳು!

ಈಗ ಎದುರಿಗೆ ರಸ್ತೆ ಇಲ್ಲ. ಎರಡು ಮೂರು ರಸ್ತೆಗಳು! ಮರಗಳೆಲ್ಲ ಕರಗಿ ಹರಿಯುತ್ತಿವೆ. ಹೊರಗಿನ ನೀರನ್ನು ವೈಪರ್ ಒರೆಸುತ್ತಿದೆ, ಒಳಗಿನ ತುಪ್ಪವನ್ನು ಒರೆಸುವವರು ಯಾರು?

"ನಿಲ್ಲಸ್ರಿ!" ಎಂದು ನಾಗರತ್ನಾ ಹೂವು ಸುತ್ತಿ ತಂದಿದ್ದ ಪೇಪರನ್ನು ಬಿಚ್ಚಿದಳು. ನಿಲ್ಲಿಸಿದೆ. ಆಕೆ ತಿಕ್ಕಿದಳು, ಬೈದಳು, ಮತ್ತೆ ತಿಕ್ಕಿದಳು. ಗಾಜಿನ ನಡುವೆ ಊಟದ ತಾಟಿನಷ್ಟು ಜಾಗ ತಿಳಿಯಾಯಿತು. ಆ ತಾಟಿನೊಳಗೆ ಎಷ್ಟು ಕಾಣುತ್ತದೋ ಅಷ್ಟೇ ನನ್ನ ಪ್ರಪಂಚ ಎಂದುಕೊಂಡು, ಮಳೆ ಸಣ್ಣಗಾಗುವ ತನಕ ಕಾದು, ಪಟ್ಟದಕಲ್ಲು ದಾಟಿ, ಹನ್ನೊಂದರ ಹೊತ್ತಿಗೆ ಬೀಗರ ಊರಿನ ತಿರುವಿಗೆ ಬಂದೆವು.

ಅಲ್ಲಿಂದ ಮುಂದೆ ಎರಡು ಕಿಲೋಮೀಟರ್. ಅಪ್ಪಟ ಎರೆಮಣ್ಣು! ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಕಾಲಷ್ಟೇ ಬರುತ್ತದೆ. ನಾನು ಎತ್ತಿನ ಬಂಡಿಗಿಂತ ಸಾವಕಾಶ ಹೋದೆ. ಹಿಂದೆ ಒಂದು ಟ್ರ್ಯಾಕ್ಟರ್ ಬಂದು, ಹಾರ್ನ್ ಹಾಕದೆ ತಾಳ್ಮೆಯಿಂದ ನನ್ನ ಹಿಂದೆಯೇ ಬರತೊಡಗಿತು. ಹೊಡೆಯುತ್ತಿದ್ದವನು ಬೀಗರ ಓಣಿಯ ಸೋಮಲಿಂಗ ಎಂದು ಆಮೇಲೆ ತಿಳಿಯಿತು. ಒಂದೂವರೆ ಕಿಲೋಮೀಟರ್ ದಾಟಿದೆ. ಒಂದು ಸಲವೂ ಜಾರಲಿಲ್ಲ! ಇನ್ನೊಂದು ಇಳಿಜಾರು ಇಳಿದರೆ ಊರ ಅಗಸಿ ಬಾಗಿಲು.

ಅಗಸಿಯಲ್ಲಿ ಕೊಡೆ ಹಿಡಿದ ಹೆಂಗಸರ ಗುಂಪು. ಕೈಯಲ್ಲಿ ಆರತಿ. ಎಲ್ಲರ ಮುಂದೆ, ಸೊಂಟದ ಮೇಲೆ ಕೈಯಿಟ್ಟು, ದುರ್ಗವ್ವ!

ಅಲ್ಲಿಯ ತನಕ ಮೈಯಲ್ಲಿದ್ದ ಬುದ್ಧಿ ಅಲ್ಲಿಗೆ ಇಳಿದುಹೋಯಿತು. ಇಷ್ಟು ಜನರ ಎದುರು ಆಮೆಯ ಹಾಗೆ ಹೋಗಿ ನಿಲ್ಲುವುದೇ? ಒಂದಿಷ್ಟು ಠೀವಿಯಿಂದ ಹೋಗಬೇಡವೇ? ಹಾರ್ನ್ ಬಾರಿಸಿದೆ. ಆಕ್ಸಿಲರೇಟರ್ ತುಳಿದೆ.

"ಸಾವಕಾಶ್ರೀ!" ಎಂದು ನಾಗರತ್ನಾ ಕಿರುಚಿದಳು.

"ಬೀಗತಿ ನೋಡಾಕತ್ತಾರ, ಸುಮ್ಮಕುಂಡ್ರು!"

ಮುಂದಿನ ಮಾತು ಬಾಯಲ್ಲೇ ಉಳಿಯಿತು. ಗಾಡಿಯ ಹಿಂಭಾಗ ನನ್ನನ್ನು ಕೇಳದೆ ಎಡಕ್ಕೆ ಹೊರಟಿತು. ನಾನು ಸ್ಟಿಯರಿಂಗ್ ತಿರುವಿದರೆ ಅದು ಕೇಳಲಿಲ್ಲ. ಎಡಕ್ಕೆ ನೀರು ತುಂಬಿದ ತಗ್ಗು, ಬಲಕ್ಕೆ ಜೋಳದ ಹೊಲ, ಎದುರಿಗೆ ಆರತಿ! ಬುಧವಾರ ಇಡೀ ದಿನ ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ. ಕಣ್ಣು ಮುಚ್ಚಿದೆ. ಅಷ್ಟೇ! ನನ್ನ ಎರಡೂ ಕಾಲು ಮಗ್ಗಕ್ಕೆ ಓಡಿದವು. ಎಡ, ಬಲ, ಎಡ, ಬಲ, ಕ್ಲಚ್ಚು, ಬ್ರೇಕು, ಕ್ಲಚ್ಚು, ಬ್ರೇಕು! ಎಡಗೈ ಎತ್ತಿ ಲಾಳಿಯ ಹಗ್ಗ ಹುಡುಕಿತು. ಹಗ್ಗ ಸಿಗಲಿಲ್ಲ, ಮೇಲೆ ಅಂಟಿಸಿದ್ದ ಕನ್ನಡಿ ಸಿಕ್ಕಿತು. ಜಗ್ಗಿದೆ! ಕಿತ್ತು ಕೈಗೆ ಬಂತು!

ಗಾಡಿ ಒಮ್ಮೆ ಆ ಕಡೆ ಬಳುಕಿ, ಒಮ್ಮೆ ಈ ಕಡೆ ಬಳುಕಿ, ಗಿರ್ರನೆ ತಿರುಗಿ, ಎಂಜಿನ್ ಆರಿ, ನಿಂತಿತು. ಕಣ್ಣು ತೆರೆದು ನೋಡುತ್ತೇನೆ, ಎದುರಿಗೆ ಅಗಸಿಯೂ ಇಲ್ಲ, ಆರತಿಯೂ ಇಲ್ಲ! ಟ್ರ್ಯಾಕ್ಟರಿನ ಮೂತಿ ಇದೆ. ಅಂದರೆ ಗಾಡಿ ಊರಿಗೆ ಬೆನ್ನು ಮಾಡಿ ಇಲಕಲ್ಲಿನ ಕಡೆ ಮುಖ ಮಾಡಿ ನಿಂತಿತ್ತು. ತಗ್ಗು ಇನ್ನೂ ನಾಲ್ಕು ಮಾರು ದೂರ.

ಹಿಂದೆ ತಿರುಗಿ ನೋಡಿದೆ. ರೊಟ್ಟಿಯ ಬುಟ್ಟಿ ನೆಟ್ಟಗಿತ್ತು. ಹೋಳಿಗೆ ನೆಟ್ಟಗಿತ್ತು. ನಾಗರತ್ನಾ ನೆಟ್ಟಗಿದ್ದಳು, ಆದರೆ ಮೊಸರಿನ ಗಡಿಗೆ ಬೋರಲಾಗಿ ಹಣೆಯಿಂದ ಸೆರಗಿನ ತನಕ ಬೆಳ್ಳಗಾಗಿದ್ದಳು.

"ಮುಟ್ಟಿದ್ವೇನ್ರಿ?" ಎಂದಳು, ತುಟಿಯ ಮೇಲಿನ ಮೊಸರು ಒರೆಸಿಕೊಳ್ಳುತ್ತ.

ಎಲ್ಲ ಮುಗಿಯಿತು, ಮಗಳು ಇನ್ನು ಬಂದ ಹಾಗೆಯೇ ಎಂದುಕೊಂಡು ಕನ್ನಡಿಯನ್ನು ಅಂಗಿಯ ಜೇಬಿಗೆ ತುರುಕಿ ಇಳಿದೆ. ಅಷ್ಟರಲ್ಲಿ ಸೋಮಲಿಂಗ ಟ್ರ್ಯಾಕ್ಟರಿನಿಂದ ಧುಮುಕಿ ಓಡಿ ಬಂದ.

"ಭಲೇ ಕಾಕಾರ! ಬ್ರೇಕ್ ಬಿಟ್ಟು ಬಿಟ್ಟು ಒತ್ತಿದ್ರಲ್ಲಾ, ಅದಕ್ಕ ಉಳದ್ರಿ! ಒಮ್ಮಿಗೇ ಗಟ್ಯಾಗಿ ತುಳದಿದ್ರ ಈಗ ಗಾಡಿ ತೆಗ್ಗಿನಾಗ ಈಸಾಡ್ತಿತ್ತು. ನಮ್ಮ ಊರಾಗ ಹತ್ತು ವರ್ಷ ಗಾಡಿ ಹೊಡದವರಿಗೂ ಇದು ಬರಾಂಗಿಲ್ಲ. ಎಲ್ಲಿ ಕಲತ್ರಿ?"

ನೀವೇ ಹೇಳಿ, ನಾನು ಏನು ಹೇಳಬೇಕಿತ್ತು? ಮನುಷ್ಯನಾದವನು ಇಂಥ ಹೊಗಳಿಕೆಯನ್ನು ಬೇಡ ಎನ್ನಲು ಸಾಧ್ಯವೇ?

"ಅಭ್ಯಾಸ ಮಾಡಬೇಕ್ರೀ," ಎಂದೆ ಗಂಭೀರವಾಗಿ.

ಹೆಂಗಸರು "ಅಬ್ಬಾ!" ಎಂದರು. ಆರತಿ ಬೆಳಗಿದರು. ದುರ್ಗವ್ವ ಮಾತ್ರ ನನ್ನ ಮುಖ ನೋಡಿದರು, ಕಾಲು ನೋಡಿದರು, "ಬರ್ರಿ, ಕಾಲು ತೊಳಕೊರ್ರಿ," ಎಂದರು.

ಕುಬಸ ಚಂದವಾಗಿ ನಡೆಯಿತು. ನಾನೇ ನೇಯ್ದ ಹಸಿರು ಸೀರೆ ಉಟ್ಟು, ಕೈ ತುಂಬ ಹಸಿರು ಬಳೆ ಹಾಕಿಕೊಂಡು ಶೈಲಶ್ರೀ ಮಣೆಯ ಮೇಲೆ ಕೂತಳು. ಅವಳು ಆಗಲೇ ಬ್ಯಾಗು ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಳು. ಬಂದವರೆಲ್ಲ ಬುತ್ತಿ ಉಂಡು ನಾಗರತ್ನಾಳ ಹೋಳಿಗೆಯನ್ನು ಕೊಂಡಾಡಿದರು. ಅದಕ್ಕಿಂತ ಹೆಚ್ಚಾಗಿ ನನ್ನ ಡ್ರೈವಿಂಗನ್ನು ಕೊಂಡಾಡಿದರು. ಸೋಮಲಿಂಗ ಒಬ್ಬೊಬ್ಬರಿಗೂ ಹೇಳಿದ. ಹೇಳಿದಂತೆಲ್ಲ ತಗ್ಗು ಆಳವಾಗುತ್ತ ಹೋಯಿತು, ನಾನು ದೊಡ್ಡವನಾಗುತ್ತ ಹೋದೆ. ಮೂರನೇ ಹೋಳಿಗೆಯ ಹೊತ್ತಿಗೆ ನನಗೇ ನನ್ನ ಮೇಲೆ ನಂಬಿಕೆ ಬಂದುಬಿಟ್ಟಿತು!

"ನೋಡ್ರಿ, ರಾಡ್ಯಾಗ ಗಾಡಿ ಹೊಡ್ಯಾಕ ಎದಿ ಗಟ್ಟಿ ಇರಬೇಕು," ಎಂದು ಶುರು ಮಾಡಿದೆ. "ಅಂಜಿಕಿ ಅಂದ್ರ ಏನು ಅನ್ನೂದ ನನಗ ಗೊತ್ತಿಲ್ಲ. ಬರೂವಾಗ ಏನು ನೋಡೀರಿ? ಹೋಗೂವಾಗ ನೋಡ್ರಿ! ಶೈಲಾನ ಕೂಡಿಸಿಕೊಂಡು ಇದ ರಾಡ್ಯಾಗ ಅರವತ್ತರ ಸ್ಪೀಡಿಲೆ ಹೋಗ್ತೇನಿ. ಒಂದು ಹನಿ ಹಾರಾಂಗಿಲ್ಲ!"

ನನ್ನ ತಾಟಿಗೆ ಹೋಳಿಗೆ ಹಾಕಲು ಬಗ್ಗಿದ್ದ ದುರ್ಗವ್ವನವರ ಕೈ ಅಲ್ಲೇ ನಿಂತಿತು. ಹೋಳಿಗೆ ಮರಳಿ ಬುಟ್ಟಿಗೆ ಹೋಯಿತು.

"ಹಂಗಾರ ಶೈಲಾ ಬರಾಂಗಿಲ್ಲ, ಬೀಗರ."

ನಾನು ಬಾಯಲ್ಲಿದ್ದ ತುತ್ತು ನುಂಗಿದೆ.

"ಯಾಕ್ರಿ ಅಕ್ಕಾರ? ಸೋಮಲಿಂಗಪ್ಪ ಹೇಳಿದ್ನಲ್ರಿ..."

"ಅವ ಹೇಳಿದ್ದು ಕೇಳೇನಿ. ಈಗ ನೀವು ಹೇಳಿದ್ದೂ ಕೇಳಿದೆ. ಬಾಣಂತನ ಇಲ್ಲೇ ಆಗಲಿ."

ಶೈಲಶ್ರೀಯ ಕಣ್ಣು ತುಂಬಿ ಬಂತು. ಅವಳು ಅತ್ತೆಗೆ ಎದುರಾಡುವ ಹುಡುಗಿಯಲ್ಲ, ಬಳೆ ಎಣಿಸುತ್ತ ಕೂತಳು. ನಾಗರತ್ನಾ ನನ್ನ ಕಡೆ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಮನೆಯಲ್ಲಿ ಮಡಿಸಿಟ್ಟ ಕೂಸಿನ ಬಟ್ಟೆಗಳು ನನ್ನ ಕಣ್ಣಿಗೆ ಕಟ್ಟಿದವು. ನನ್ನ ಬಾಯಿಯ ಬಡಾಯಿಗೆ ಆ ಕೋಣೆ ಖಾಲಿ ಉಳಿಯಬೇಕೇ?

ಎದ್ದು ನಿಂತೆ. ಜೇಬಿಗೆ ಕೈ ಹಾಕಿ ಕನ್ನಡಿ ತೆಗೆದು ದುರ್ಗವ್ವನವರ ಮುಂದೆ ಇಟ್ಟೆ.

"ಅಕ್ಕಾರ, ಖರೆ ಹೇಳ್ತೇನಿ ಕೇಳ್ರಿ. ನನಗ ಯಾವ ವಿದ್ಯಾನೂ ಬರಾಂಗಿಲ್ಲ. ಬ್ರೇಕ್ ಬಿಟ್ಟು ಬಿಟ್ಟು ಒತ್ತಿದ್ದು ನಾ ಅಲ್ಲ, ನನ್ನ ಕಾಲು. ಗಾಬರ್ಯಾಗಿ ಅವು ನೇಯಾಕ ಹತ್ತಿದ್ವು. ನಾ ಕಣ್ಣು ಮುಚ್ಚಿದ್ದೆ."

"ಕಣ್ಣು ಮುಚ್ಚಿದ್ರೇ?" ಎಂದು ಸೋಮಲಿಂಗ ಬಾಯಿ ತೆರೆದ.

"ಪೂರಾ ಮುಚ್ಚಿದ್ದೆ! ಲಾಳಿ ಹಗ್ಗಾ ಅಂತ ತಿಳಕೊಂಡು ಈ ಕನ್ನಡಿ ಕಿತ್ತೀನಿ. ಅದಕ್ಕಿಂತ ಮೊದಲ ಹೋಳಿಗಿ ತುಪ್ಪಲೆ ಗಾಜು ಒರಸೇನಿ. ಹುನಗುಂದದಾಗ ಸೈಕಲ್ಲಿನ ಮುದುಕಪ್ಪ ನನ್ನ ಹಿಂದ ಹಾಕ್ಯಾನ. ಅಗಸ್ಯಾಗ ನಿಮ್ಮನ್ನ ಕಂಡು ಶಾಣೇತನ ತೋರಸಾಕ ಹೋಗಿ ಜಾರೇನಿ. ಮುಂಜಾನಿಂದ ನನಗ ಅಂಜಿಕಿ, ಅಕ್ಕಾರ. ಭಾಳ ಅಂಜಿಕಿ!"

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ! ಪಡಸಾಲೆಗೆ ಪಡಸಾಲೆಯೇ ಬಿದ್ದು ಬಿದ್ದು ನಕ್ಕಿತು. ಅಗಸಿಯಲ್ಲಿ ಆರತಿ ಹಿಡಿದಿದ್ದ ಹೆಂಗಸರು ಗೋಡೆಗೆ ಒರಗಿದರು. ಕಣ್ಣು ಒರೆಸಿಕೊಳ್ಳುತ್ತಿದ್ದ ಮಗಳೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವರು ದುರ್ಗವ್ವ!

"ನಾ ಗುಳೇದಗುಡ್ಡದಾಕಿ, ಬೀಗರ," ಎಂದರು ಸೆರಗಿನಿಂದ ಕಣ್ಣು ಒತ್ತಿಕೊಂಡು. "ಹುಟ್ಟಿದ್ದು ಬೆಳದದ್ದು ಮಗ್ಗದ ಸಪ್ಪಳದಾಗ. ನಿಮ್ಮ ಗಾಡಿ ತೂಗ್ಯಾಡಿಕೋತ ಬರೂದು ಕಂಡ ಕೂಡಲೇ ತಿಳೀತು, ನಮ್ಮ ಬೀಗರು ಒಳಗ ನೇಯಾಕತ್ತಾರಂತ! ನಮ್ಮಪ್ಪ ಹಾವು ಕಂಡ್ರೂ ಕಾಲು ಹಂಗ ಆಡಸ್ತಿದ್ದ."

"ಮತ್ತ ಆವಾಗ ಯಾಕ ಅನ್ನಲಿಲ್ರಿ?"

"ನೀವ ಹೇಳ್ತೀರೇನೋ ಅಂತ ಕಾಯ್ದೆ. ನನ್ನ ಸೊಸಿ ಕೂಡೂ ಗಾಡಿ ಹೊಡ್ಯಾಂವಗ ಅಂಜಿಕಿ ಇರಬೇಕು. ಆ ಇಳಿಜಾರಿಗೆ ಬರೂ ತನಕ ನಿಮಗ ಅದು ಬೇಕಾದಷ್ಟಿತ್ತು, ಅದಕ್ಕ ಒಂದು ಸಲಾನೂ ಜಾರಲಿಲ್ಲ. ಊಟಕ್ಕ ಕುಂತ ಮ್ಯಾಲ ಎಲ್ಲಿ ಹೋಗಿತ್ತೋ ಏನೋ! ಈಗ ತಿರಗಿ ಬಂತು. ಕರಕೊಂಡು ಹೋಗ್ರಿ ನಿಮ್ಮ ಮಗಳನ್ನ."

ಬುಟ್ಟಿಗೆ ಹೋಗಿದ್ದ ಹೋಳಿಗೆ ನನ್ನ ತಾಟಿಗೆ ಬಂತು, ಮೇಲೆ ಎರಡು ಚಮಚ ತುಪ್ಪದ ಸಮೇತ. ನಾಗರತ್ನಾ ದುರ್ಗವ್ವನವರ ಎರಡೂ ಕೈ ಹಿಡಿದುಕೊಂಡಳು. ನಾನು ಹೋಳಿಗೆ ತಿನ್ನುತ್ತ ಅತ್ತೆ. ತುಪ್ಪ ಹೆಚ್ಚಾಗಿ ಕೆಮ್ಮು ಬಂತು ಎಂದು ಹೇಳಿದೆ, ಯಾರೂ ನಂಬಲಿಲ್ಲ.

ಆದರೆ ಅಂದೇ ಕಳಿಸಲಿಲ್ಲ. "ಮಳಿ ನಿಂದರಲಿ. ಮ್ಯಾಲಿನ ರಾಡಿ ಒಣಗಲಿ. ಶನಿವಾರ ಬಿಸಲು ಏರಿದ ಮ್ಯಾಲ ಹೊಂಡ್ರಿ," ಎಂದು ದುರ್ಗವ್ವ ಅಪ್ಪಣೆ ಮಾಡಿದರು. ಎರಡು ದಿನ ನಾವು ಬೀಗರ ಮನೆಯಲ್ಲಿ ಉಂಡದ್ದೇ ಉಂಡದ್ದು. ಶುಕ್ರವಾರ ಸೋಮಲಿಂಗ ಒಂದು ಟ್ರಾಲಿ ಗರಸು ಮಣ್ಣು ತಂದು ಆ ಇಳಿಜಾರಿಗೆ ಸುರಿದ. ನಾನು ಕುರುಪಿ ಹಿಡಿದು ನಾಲ್ಕೂ ಟೈರಿನ ಗೆರೆಗಳಲ್ಲಿ ಮೆತ್ತಿಕೊಂಡಿದ್ದ ಎರೆಮಣ್ಣನ್ನು ಕೆರೆದು ತೆಗೆದೆ. ಗಾಜಿನ ತುಪ್ಪವನ್ನು ದುರ್ಗವ್ವನವರೇ ಸೀಗೆಪುಡಿ ಕಲಸಿದ ನೀರಿನಲ್ಲಿ ತೊಳೆಸಿದರು. ಮೂರು ಸಲ ತೊಳೆಯಬೇಕಾಯಿತು.

ಶನಿವಾರ ಹನ್ನೊಂದಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ತಾಯಿಯ ಭುಜಕ್ಕೆ ಒರಗಿ ಶೈಲಶ್ರೀ. ಇಳಿಜಾರನ್ನು ನಾನು ಮೊದಲ ಗೇರಿನಲ್ಲಿ ಉಸಿರು ಬಿಗಿಹಿಡಿದು ಹತ್ತಿದೆ. ಊರವರೆಲ್ಲ ಅಗಸಿಯಲ್ಲಿ ನಿಂತು ನೋಡುತ್ತಿದ್ದರು. ಹಾರ್ನ್ ಬಾರಿಸಲಿಲ್ಲ. ಡಾಂಬರು ರಸ್ತೆ ಬಂದ ಮೇಲೂ ಆತುರಪಡಲಿಲ್ಲ. ಟ್ರ್ಯಾಕ್ಟರುಗಳು ಹೊಲದಿಂದ ಮಣ್ಣು ತಂದು ಚೆಲ್ಲಿದ ಜಾಗ ಕಂಡಲ್ಲೆಲ್ಲ ಇನ್ನಷ್ಟು ನಿಧಾನ ಮಾಡಿದೆ. ಐಹೊಳೆಯ ಹತ್ತಿರ ನಾಲ್ಕು ಹನಿ ಬಿದ್ದವು, ಬದಿಗೆ ಹಾಕಿ ನಿಂತೆ. ನಿಂತೇ ಚಹಾ ಕುಡಿದೆವು. ಮತ್ತೆ ನಾಲ್ಕು ಹನಿ, ಮತ್ತೆ ನಿಂತೆ. ಅಮೀನಗಡದಲ್ಲಿ ಕರದಂಟು ಕೊಂಡೆವು. ಹಿಂದಿನಿಂದ ಯಾರು ಎಷ್ಟೇ ಹಾರ್ನ್ ಹಾಕಲಿ, ನಾನು ಕೈ ತೋರಿಸಿ ಮುಂದೆ ಹೋಗಲು ದಾರಿ ಬಿಟ್ಟೆ. ಕಾಲುಗಳು ಒಂದು ಸಲವೂ ಮಗ್ಗದ ಕಡೆ ಓಡಲಿಲ್ಲ. ಒಮ್ಮೆ ಕನ್ನಡಿಯಲ್ಲಿ ನೋಡೋಣವೆಂದರೆ ಕನ್ನಡಿ ಇರಲಿಲ್ಲ, ಕತ್ತು ತಿರುಗಿಸಿಯೇ ನೋಡಿದೆ. ಮಗಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆಯೇ.

ಇಲಕಲ್ಲಿನ ನಮ್ಮ ಓಣಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಸ್ಸಿಗೆ ಎರಡೂವರೆ ತಾಸಿನ ದಾರಿ, ನಮಗೆ ಏಳು ತಾಸು! ಆದರೇನು? ಗಾಡಿಗೆ ಒಂದು ಗೀರಿಲ್ಲ, ಮಗಳಿಗೆ ಒಂದು ಕುಲುಕಿಲ್ಲ. ಓಣಿಯ ಹೆಂಗಸರು ಓಡಿ ಬಂದು ನೀರು, ರೊಟ್ಟಿ ನಿವಾಳಿಸಿ ದೃಷ್ಟಿ ತೆಗೆದರು. ಪಕ್ಕದ ಮನೆಯ ಮುಮ್ತಾಜಕ್ಕ ಬ್ಯಾಗು ಹಿಡಿದುಕೊಂಡರು. ಶೈಲಶ್ರೀ ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದು ಮೆಲ್ಲಗೆ ಇಳಿದಳು.

ನನಗೆ ಹೆಮ್ಮೆಯೋ ಹೆಮ್ಮೆ! ಇಡೀ ಓಣಿಗೆ ಕೇಳುವ ಹಾಗೆ ಕೇಳಿದೆ.

"ಹೆಂಗಾತವಾ ನಿಮ್ಮಪ್ಪನ ಡ್ರೈವಿಂಗು? ಎಲ್ಲಾರ ಮುಂದ ಹೇಳು!"

"ಭಾಳ ಚಲೋ ಆತಪಾ," ಎಂದಳು ಮಗಳು, ಸೊಂಟ ನೇರ ಮಾಡಿಕೊಂಡು. "ಅಂತೂ ದಿನಾ ತುಂಬೂದ್ರೊಳಗ ತಂದು ಮುಟ್ಟಿಸಿದಿ!"